ಮಗಳಿಗೊಂದು ಪತ್ರ: ಆಪ್ಷನ್ ಎಂಟ್ರಿ ಮಾಡುವ ಮುಂಚೆ

ಪುಟ್ಟಿ,

ನೀನು ಅಜ್ಜಿ ಮನೆಯಿಂದ ಬರುವ ತನಕ ಕಾಯಬಹುದಿತ್ತು. ಆದರೆ ಎದುರು ಕೂತು ಹೇಳಿದರೆ ನೀನು "ಆಯ್ತು ಚಿಕ್ಕಿ" ಅಂದು ಎದ್ದು ಹೋಗುತ್ತೀಯ, ಆಮೇಲೆ ಮೊದಲೇ ಅಂದುಕೊಂಡಿದ್ದನ್ನೇ ಮಾಡುತ್ತೀಯ. ಅದಕ್ಕೆ, ಆಪ್ಷನ್ ಎಂಟ್ರಿಯಲ್ಲಿ ಬೇಕಾದ ಕಾಲೇಜುಗಳನ್ನು ನೀನು ಸಾಲಾಗಿ ತುಂಬುವ ಮುಂಚೆಯೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಫೋನ್ ಮಾಡು.

ನಿನ್ನ ಮೇಜಿನ ಮೇಲೆ ಪಶುವೈದ್ಯಕೀಯ ಕಾಲೇಜುಗಳ ಪಟ್ಟಿ ಇತ್ತು, ನೋಡಿದೆ. ಮೊದಲು ಬೆಂಗಳೂರಿನ ಹೆಬ್ಬಾಳ ಅಂತ ಬರೆದು, ಅದನ್ನು ಹೊಡೆದು ಹಾಕಿ, ಮೇಲೆ ಹಾಸನ ಅಂತ ಬರೆದಿದ್ದೀಯ. ಹಾಸನದ ಪಶುವೈದ್ಯಕೀಯ ಕಾಲೇಜಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೀಯಲ್ಲ, ಅದರ ಬಗ್ಗೆ. "ವಾರ ವಾರ ಬರಬಹುದು. ಚಿಕ್ಕಿ ಒಬ್ಬಳೇ ಆಗಲ್ಲ."

ಇದು ಎಲ್ಲಿಂದ ಶುರುವಾಯಿತು ಅಂತ ನನಗೆ ಗೊತ್ತು. ಹಾಸನದ ಮದುವೆಯಲ್ಲಿ ಊಟಕ್ಕೆ ಕೂತಾಗ ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು, "ಪಾಪ, ಈ ಹುಡುಗಿಗೋಸ್ಕರ ಅವಳು ಫಾರಿನ್ನಿಗೂ ಹೋಗಲಿಲ್ಲ, ಮದುವೇನೂ ಆಗಲಿಲ್ಲ" ಅಂದರು. ನಾನು ಕೇಳಿಸಿಕೊಂಡೆ. ನೀನೂ ಕೇಳಿಸಿಕೊಂಡೆ. ಬೇಲೂರು ದಾಟುವ ತನಕ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ ನೀನು.

ಅವರ ಮಾತು ಪೂರ್ತಿ ಸುಳ್ಳು ಅಂತ ಹೇಳುವುದಿಲ್ಲ. ನಿನಗೆ ಸುಳ್ಳು ಹೇಳಿ ಬೆಳೆಸಿಲ್ಲ, ಈಗ ಶುರು ಮಾಡುವುದೂ ಬೇಡ. ಆಗ ನನಗೆ ಸಿಂಗಾಪುರದಲ್ಲಿ ಕೆಲಸ ಸಿಕ್ಕಿತ್ತು. ಕಾಫಿ ವ್ಯಾಪಾರದ ದೊಡ್ಡ ಕಂಪನಿ, ಕ್ವಾಲಿಟಿ ವಿಭಾಗ. ಆ ಕೆಲಸಕ್ಕೆ ತುಂಬಾ ಕಷ್ಟಪಟ್ಟಿದ್ದೆ. ಅಕ್ಕ, ಅಂದರೆ ನಿನ್ನಮ್ಮ, ಆಸ್ಪತ್ರೆಗೆ ಸೇರಿದ್ದು, ವಾಪಸ್ ಬರದೇ ಇದ್ದಿದ್ದು, ಎಲ್ಲ ಅದೇ ಹೊತ್ತಿಗೆ. ನಿನ್ನಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ಅಜ್ಜಿಗೆ ಮಂಡಿನೋವು, ಆಲ್ದೂರಿನ ತೋಟದ ಮನೆಯಿಂದ ಸ್ಕೂಲಿಗೆ ಕಳಿಸುವುದು ಅವರ ಕೈಲಿ ಆಗುತ್ತಿರಲಿಲ್ಲ. ಕೆಲವರು ಹಾಸ್ಟೆಲ್ ಅಂದರು. ನಾನು ಕರೆದುಕೊಂಡು ಬಂದೆ. ಸಿಂಗಾಪುರಕ್ಕೆ ಹೋಗಲಿಲ್ಲ ಅಂತ ಬೇಜಾರಾಯಿತಾ ಅಂದರೆ ಆಯಿತು, ತುಂಬಾನೇ ಆಯಿತು. ಆದರೆ ಅದು ನನ್ನ ಬೇಜಾರು, ನನ್ನ ತೀರ್ಮಾನ. ಒಂಬತ್ತು ವರ್ಷದ ಮಗು ಅದನ್ನು ತೀರ್ಮಾನ ಮಾಡಿರಲಿಲ್ಲ, ಹದಿನೆಂಟರ ಹುಡುಗಿ ಅದರ ಲೆಕ್ಕ ತೀರಿಸಬೇಕಾಗಿಯೂ ಇಲ್ಲ. ಮದುವೆಯ ವಿಷಯ ನೀನು ಬರುವುದಕ್ಕೆ ಮುಂಚೆಯೇ ಮುಗಿದಿತ್ತು. ಅದರಲ್ಲಿ ನಿನ್ನದು ಏನೇನೂ ಇಲ್ಲ.

ನಿನಗೆ ಆಗಿನ ದಿನಗಳು ಎಷ್ಟು ನೆನಪಿದೆಯೋ ಗೊತ್ತಿಲ್ಲ, ನನಗಂತೂ ಚೆನ್ನಾಗಿ ನೆನಪಿದೆ. ನೀನು ಬಂದಾಗ ಒಂದು ಬ್ಯಾಗು, ಅದರೊಳಗೆ ಅಕ್ಕನ ಪಾಂಡ್ಸ್ ಪೌಡರ್ ಡಬ್ಬಿ. ನಮ್ಮ ಮನೆಯಲ್ಲಿ ಪೌಡರ್, ಸೆಂಟು, ಊದುಬತ್ತಿ, ಮಲ್ಲಿಗೆ ಹೂವು ಏನೂ ಇರುತ್ತಿರಲಿಲ್ಲ. ನನ್ನ ಹಾಗೆ ಕಾಫಿ ರುಚಿ ನೋಡುವ ಕೆಲಸದವರಿಗೆ ಮೂಗೇ ಆಸ್ತಿ, ಬೆಳಿಗ್ಗೆ ಮೈಮೇಲೆ ಒಂದು ಚೂರು ಪರಿಮಳ ಇದ್ದರೂ ಪಕ್ಕದವರ ಕಪ್ಪಿನ ಕಾಫಿಯೂ ಕೆಡುತ್ತದೆ. ಮೊದಲ ದಿನವೇ ಇದನ್ನು ನಿನಗೆ ಹೇಳಿದ್ದೆ, ನೀನು ತಲೆ ಆಡಿಸಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಇನ್ನೂ ಮಂಜು ಬೀಳುತ್ತಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ನೋಡಿದರೆ ನೀನು ಬಚ್ಚಲ ಒಲೆಯ ಆಚೆ, ಕಟ್ಟಿಗೆ ರಾಶಿಯ ಪಕ್ಕ ಸ್ವೆಟರ್ ಇಲ್ಲದೆ ನಿಂತು ಆ ಡಬ್ಬಿಯ ಮುಚ್ಚಳ ತಿರುಗಿಸಿ ಮೂಸುತ್ತಿದ್ದೆ. ಹಚ್ಚಿಕೊಳ್ಳುತ್ತಿರಲಿಲ್ಲ, ಸುಮ್ನೆ ಮೂಸಿ, ಮುಚ್ಚಿ, ಮತ್ತೆ ಮೂಸಿ. ನನ್ನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಮನೆಯಿಂದ ಹೊರಗೆ ಹೋಗಿ ನಿಂತಿದ್ದೆ ನೀನು.

ಅವತ್ತಿನಿಂದ ಸಂಜೆ ಅನ್ನುವುದು ನಮ್ಮಿಬ್ಬರ ಪರಿಮಳದ ಹೊತ್ತಾಯಿತು ಅಲ್ವಾ? ನಾನು ಕೆಲಸ ಮುಗಿಸಿ ಬಂದ ಮೇಲೆ ಡಬ್ಬಿ ತೆಗೆಯುತ್ತಿದ್ದೆವು, ಸ್ವಲ್ಪ ನಿನಗೆ, ಸ್ವಲ್ಪ ನನಗೆ. ಆಮೇಲೆ ಕಾಫಿಯ ಗುಣಮಟ್ಟ ಅಳೆಯುವವರ ಕ್ಯೂ ಗ್ರೇಡರ್ ಪರೀಕ್ಷೆಗೆ ಅಂತ ನಾನು ತರಿಸಿಕೊಂಡಿದ್ದ ಪೆಟ್ಟಿಗೆಯೂ ಹೊರಗೆ ಬಂತು, ಕಾಫಿಯಲ್ಲಿ ಸಿಗುವ 36 ವಾಸನೆಗಳ ಪುಟ್ಟ ಸೀಸೆಗಳು. ಕಣ್ಣು ಮುಚ್ಚಿ ಮೂಸಿ ಹೆಸರು ಹೇಳಬೇಕು. ಆಲೂಗಡ್ಡೆಯ ಸೀಸೆ ಮೂಸಿ ನೀನು "ಅಜ್ಜಿ ಮನೆ ಅಟ್ಟ" ಅಂದೆ. ಅದು ಸರಿ ಉತ್ತರ ಅಂತಲೇ ನಾನು ಬರೆದುಕೊಂಡೆ. ಬಟಾಣಿ, ಸೌತೆಕಾಯಿ, ಬೆಣ್ಣೆ ಎಲ್ಲ ನನಗಿಂತ ಬೇಗ ಹೇಳುತ್ತಿದ್ದೆ.

ಸ್ಕೂಲಿನಲ್ಲಿ ಮಾತ್ರ ನೀನು ಯಾರ ಜೊತೆಗೂ ಸೇರುತ್ತಿರಲಿಲ್ಲ. ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ನಾಲ್ಕು ಗಂಟೆಗೆ ಬಂದು ಬೀಗ ತೆಗೆದು ಒಬ್ಬಳೇ ಕೂರುತ್ತಿದ್ದೆ, ಸೀಜನ್‌ನಲ್ಲಿ ನಾನು ಬರುವಾಗ ರಾತ್ರಿ ಎಂಟು. ಆ ಮೌನ ಮನೆಯಲ್ಲಿ ಕೂತರೆ ಹೋಗುವುದಿಲ್ಲ ಅನಿಸಿ ನಿನ್ನನ್ನು ಸ್ಕೂಲಿನಿಂದ ನೇರ ನಾನು ಕೆಲಸ ಮಾಡುವ ಕ್ಯೂರಿಂಗ್ ವರ್ಕ್ಸಿಗೆ, ಕಾಫಿ ಬೀಜ ಹದ ಮಾಡುವ ಕಾರ್ಖಾನೆಗೆ, ಬರಲು ಹೇಳಿದೆ. ಅಲ್ಲಿ ಕಾಫಿ ಬೀಜ ಆರಿಸುವ ಹೆಂಗಸರು ನಿನ್ನನ್ನು ಬಿಟ್ಟರಾ? ಕಪ್ಪು ಬೀಜ, ಒಡೆದ ಬೀಜ ಬೇರೆ ಮಾಡುತ್ತಲೇ ಏನು ತಿಂದೆ, ಯಾಕೆ ತಲೆ ಬಾಚಿಲ್ಲ, ಮೇಷ್ಟ್ರು ಹೊಡೆದರಾ ಅಂತ ಒಂದೇ ಸಮ ಕೇಳುತ್ತಿದ್ದರು. ಪಾಪ ಅಂತ ಯಾರೂ ನೋಡಲಿಲ್ಲ, ನಿನ್ನ ಮುಖ ನೋಡಿ ದನಿ ತಗ್ಗಿಸಲಿಲ್ಲ. ಅವರ ಮಾತಿನ ಮಧ್ಯೆ ನಿನಗೂ ಒಂದು ಜಾಗ ಇತ್ತು. ನಿನ್ನನ್ನು ಮಾತಿಗೆ ಎಳೆದವರು ಅವರು, ನಾನೊಬ್ಬಳೇ ಅಲ್ಲ. ಇದನ್ನು ಯಾವತ್ತೂ ಮರೆಯಬೇಡ, ಪೇಟೆಯಲ್ಲಿ ಸಿಕ್ಕರೆ ನಿಂತು ಮಾತಾಡಿಸು.

ಮಳೆಗೆ ಡಿಸಿ ರಜೆ ಕೊಟ್ಟ ದಿನ ನೀನು ಮೊದಲ ಸಲ ಕಪ್ಪಿಂಗ್ ರೂಮಿಗೆ, ಕಾಫಿ ರುಚಿ ನೋಡುವ ಕೋಣೆಗೆ, ಬಂದಿದ್ದು. ಮೇಜಿನ ಮೇಲೆ ಒಂದೊಂದು ಸ್ಯಾಂಪಲ್ಲಿಗೆ ಐದೈದು ಕಪ್ಪು. ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಟ್ಟೆವು. ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದಿಂದ ಸರಿಸಿದೆವು. ಸ್ವಲ್ಪ ಆರಿದ ಮೇಲೆ ಎಲ್ಲರೂ ಒಟ್ಟಿಗೆ ಸುರ್ರ್ ಅಂತ ಹೀರಿ ಡಬ್ಬದಲ್ಲಿ ಉಗುಳಿದೆವು. ಮೂಲೆಯಲ್ಲಿ ಕೂತಿದ್ದ ನೀನು ಜೋರಾಗಿ ನಕ್ಕುಬಿಟ್ಟೆ. ಸದ್ದು ಮಾಡಿ ಕುಡಿಯಬಾರದು ಅಂತ ಅಕ್ಕ ಹೇಳಿಕೊಟ್ಟಿದ್ದಳಲ್ಲ. ಕೂಡಲೇ ಬಾಯಿ ಮುಚ್ಚಿಕೊಂಡು "ಸಾರಿ" ಅಂದೆ. ನಾನು ನಿನಗೂ ಒಂದು ಚಮಚ ಕೊಟ್ಟೆ. ಆ ಕಪ್ಪಿಂಗ್ ಕೆಲಸ ತಡವಾಯಿತು, ಏನೂ ಮುಳುಗಿ ಹೋಗಲಿಲ್ಲ.

ಕೋರ್ಟಿನ ದಿನದ್ದು ಹೇಳಬೇಕು, ಇದನ್ನು ಇಷ್ಟು ದಿನ ಹೇಳಿರಲಿಲ್ಲ. ಚಿಕ್ಕಮ್ಮ ಆದ ಮಾತ್ರಕ್ಕೆ ಕಾನೂನಿನ ಲೆಕ್ಕದಲ್ಲಿ ಗಾರ್ಡಿಯನ್ ಆಗುವುದಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ಪ್ರಕಾರ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಬೇಕು. ಮಗು ತನ್ನ ಇಷ್ಟ ಹೇಳುವಷ್ಟು ದೊಡ್ಡದಿದ್ದರೆ ಕೋರ್ಟು ಅದನ್ನೂ ಪರಿಗಣಿಸಬಹುದು. ಜಡ್ಜ್ ನಿನ್ನನ್ನು ಒಳಗೆ ಕರೆದು "ಯಾರ ಜೊತೆ ಇರ್ತೀಯಮ್ಮಾ?" ಅಂತ ಕೇಳಿದರಂತೆ. ನೀನು "ಚಿಕ್ಕಿ ಜೊತೆ. ಆದ್ರೆ ಚಿಕ್ಕಿಗೆ ಜಾಸ್ತಿ ಕೆಲ್ಸ ಇರುತ್ತೆ, ಅವರನ್ನೇ ಕೇಳಿ" ಅಂದೆಯಂತೆ. ಆಮೇಲೆ ಅವರು ನನ್ನನ್ನು ಕರೆದು ಅದನ್ನು ಹಾಗೇ ಹೇಳಿದರು. ನಾನು ಏನು ಉತ್ತರ ಕೊಟ್ಟೆ ಗೊತ್ತಾ? "ಕೆಲಸವೂ ಇರುತ್ತದೆ, ಅವಳೂ ಇರುತ್ತಾಳೆ" ಅಂದೆ. ಇವತ್ತೂ ಅದೇ ಉತ್ತರ. ಕೆಲಸದಲ್ಲಿ ನಾನು ಮುಂದೆ ಬಂದಿದ್ದೇನೆ. ಇವತ್ತು ನಮ್ಮ ಇಡೀ ಕ್ವಾಲಿಟಿ ವಿಭಾಗ ನನ್ನ ಕೈಯಲ್ಲಿದೆ. ನಿನ್ನ ಜೊತೆ ಇದ್ದುಕೊಂಡೇ ಇದೆಲ್ಲ ಆಯಿತು.

ದತ್ತು ಯಾಕೆ ತೆಗೆದುಕೊಳ್ಳಲಿಲ್ಲ ಅಂತ ನೀನು ಒಮ್ಮೆ ಕೇಳಿದ್ದೆ. ನಿನ್ನ ಅಪ್ಪ ಅಮ್ಮನ ಹೆಸರು ನಿನ್ನ ಎಲ್ಲ ಕಾಗದದಲ್ಲೂ ಹಾಗೇ ಇರಲಿ ಅಂತ, ಅಷ್ಟೇ. ನನಗೆ ನೀನು ಮಗಳು ಅನ್ನುವುದಕ್ಕೆ ಕಾಗದ ಬೇಕಿರಲಿಲ್ಲ.

ಮುಂದಿನ ತಿಂಗಳು ನಿನಗೆ 18 ತುಂಬುತ್ತದೆ, ಕೋರ್ಟ್ ಕೊಟ್ಟ ನನ್ನ ಜವಾಬ್ದಾರಿ ಅವತ್ತಿಗೆ ಮುಗಿಯುತ್ತದೆ. ಬೀರುವಿನ ಮೇಲಿನ ಖಾನೆಯಲ್ಲಿ ಹಸಿರು ಫೈಲ್ ಇದೆ, ಬಂದ ಕೂಡಲೇ ಜೊತೆಯಲ್ಲಿ ಕೂತು ನೋಡೋಣ. ನಿನ್ನಪ್ಪನ ತೋಟದ ಪಹಣಿ, ಬ್ಯಾಂಕ್ ಪಾಸ್‌ಬುಕ್, ವರ್ಷ ವರ್ಷದ ಲೆಕ್ಕ ಎಲ್ಲ ಅದರಲ್ಲಿದೆ. ಮೈನರ್ ಆಸ್ತಿಯನ್ನು ಗಾರ್ಡಿಯನ್ ಕೋರ್ಟಿನ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ, ಐದು ವರ್ಷಕ್ಕಿಂತ ಜಾಸ್ತಿ ಗುತ್ತಿಗೆಗೂ ಕೊಡುವ ಹಾಗಿಲ್ಲ. ಅದಕ್ಕೇ ವರ್ಷದಿಂದ ವರ್ಷಕ್ಕೆ ಮಾತ್ರ ಫಸಲು ಗುತ್ತಿಗೆ ಕೊಟ್ಟಿದ್ದು. ನಿನ್ನ ಸ್ಕೂಲು, ಪಿಯುಸಿ ಫೀಸೆಲ್ಲ ಆ ದುಡ್ಡಿನಲ್ಲೇ ಕಟ್ಟಿದ್ದೇನೆ. ಅಂದರೆ ನಿನ್ನನ್ನು ಓದಿಸಿದ್ದು ನಿನ್ನಪ್ಪನ ತೋಟ. ಉಳಿದಿದ್ದು ಎಫ್‌ಡಿಯಲ್ಲಿದೆ, ಕಾಲೇಜಿಗೆ ಸಾಕು. 2024ರಿಂದ ಕಾಫಿ ರೇಟು ಏರಿದ ಮೇಲೆ ತೋಟ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ, ಇನ್ನು ನೇರ ನಿನ್ನ ಹತ್ತಿರವೇ ಬರುತ್ತಾರೆ. ಮಾರುವುದು ಬಿಡುವುದು ನಿನ್ನಿಷ್ಟ, ಆದರೆ ಓದು ಮುಗಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ. ಕಾಂಡ ಕೊರಕ ಹುಳು ಬಿದ್ದ ಗಿಡಗಳನ್ನು ಈ ಸಲ ಕೀಳಿಸಬೇಕು, ಅಜ್ಜಿ ಮನೆಯಲ್ಲೇ ಇದ್ದೀಯಲ್ಲ, ಮಳೆ ಬಿಟ್ಟಾಗ ಒಂದು ಸುತ್ತು ನೋಡಿಕೊಂಡು ಬಾ. ಆನೆ ಸುದ್ದಿ ಕೇಳಿಕೊಂಡು ಹೋಗು, ಒಬ್ಬಳೇ ಹೋಗಬೇಡ.

ಆನೆ ಅಂದ ಮೇಲೆ ಇನ್ನೊಂದು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಹತ್ತಿರ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ ಸುದ್ದಿ ಬಂದಾಗ ನೀನು ರಾತ್ರಿ ಊಟ ಮಾಡಲಿಲ್ಲ. ಎಂಟು ಸಲ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಆನೆ ಅದು. ಮಾರನೇ ದಿನ "ನಾನು ಆನೆ ಡಾಕ್ಟರ್ ಆಗ್ತೀನಿ" ಅಂದೆ. ಹೆಬ್ಬಾಳ ಅಂತ ನೀನು ಹೇಳಲು ಶುರು ಮಾಡಿದ್ದೂ ಆಗಲೇ, ಬನ್ನೇರುಘಟ್ಟಕ್ಕೆ ಹೋಗಿ ಬರಬಹುದು ಅಂತ. ಐದೂವರೆ ವರ್ಷದ ಕೋರ್ಸು. ಅಷ್ಟು ವರ್ಷ ಎಲ್ಲಿರಬೇಕು ಅನ್ನುವುದನ್ನು ಆನೆ ನೋಡಿ ತೀರ್ಮಾನ ಮಾಡು, ನನ್ನನ್ನು ನೋಡಿ ಮಾಡಬೇಡ.

ನೀನು ಹೋದ ಮೇಲೆ ಮನೆ ಖಾಲಿ ಅನಿಸುತ್ತದೆ, ಖಂಡಿತ ಅನಿಸುತ್ತದೆ. ಮಗಳನ್ನು ಓದಲು ಕಳಿಸಿದ ಯಾವ ತಾಯಿಗೆ ಅನಿಸುವುದಿಲ್ಲ ಹೇಳು? ನನಗೆ ಕೆಲಸ ಇದೆ, ಸ್ನೇಹಿತರಿದ್ದಾರೆ, ಭಾನುವಾರ ಅಜ್ಜಿ ಇದ್ದಾರೆ. ಬೇಜಾರಾದರೆ ನಾನೇ ಬೆಂಗಳೂರು ಬಸ್ ಹತ್ತುತ್ತೇನೆ.

ಈಗ ಕೆಲಸದ ವಿಷಯ. ಆಪ್ಷನ್ ಎಂಟ್ರಿಯಲ್ಲಿ ಮೊದಲು ಹಾಕಿದ್ದು ಸಿಕ್ಕರೆ ಕೆಳಗಿನದನ್ನು ನೋಡುವುದೇ ಇಲ್ಲ, ಹಾಗಾಗಿ ನಿಜವಾಗಿ ಬೇಕಾಗಿದ್ದೇ ಮೇಲಿರಲಿ. ಹೆಬ್ಬಾಳ ಮೊದಲು, ಆಮೇಲೆ ಹಾಸನ, ಶಿವಮೊಗ್ಗ. ಬೀದರ್ ಕೂಡ ಸೇರಿಸು, ದೂರ ಅಂತ ಬಿಡಬೇಡ. ಸೀಟುಗಳ ಅಣಕು ಹಂಚಿಕೆ ಬಂದ ಮೇಲೆ ಬದಲಾಯಿಸಲು ಅವಕಾಶ ಇರುತ್ತದೆ, ಆಗ ಮತ್ತೆ ಕೂತು ನೋಡೋಣ. ಕೊನೇ ದಿನದ ತನಕ ಕಾಯಬೇಡ, ಅಜ್ಜಿ ಮನೆಯಲ್ಲಿ ಈ ಮಳೆಗೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಶನಿವಾರವೇ ಬಂದುಬಿಡು.

ನಿನ್ನ
ಚಿಕ್ಕಿ