ಪ್ರಮೋಷನ್ ಸಿಗದ ವರ್ಷ ತಮ್ಮನ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಈ ಸಲವೂ ಪ್ರಮೋಷನ್ ಕೈತಪ್ಪಿತು, ಪೇಪರ್ ಹಾಕಿಬಿಡ್ತೀನಿ ಅಂತ ನೀನು ಅಂದಿದ್ದನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬೇಡ ಅನ್ನೋದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬಿಡೋದೋ ಇರೋದೋ ನೀನೇ ತೀರ್ಮಾನಿಸು. ಆದರೆ ಕೋಪ ಯಾರ ಮೇಲೆ ಅನ್ನೋದು ನಿನಗೆ ಮೊದಲು ಗೊತ್ತಾಗಬೇಕು. ಮ್ಯಾನೇಜರ್ ಮೇಲೋ, ಕಂಪನಿಯ ಪದ್ಧತಿ ಮೇಲೋ?

ನಾನು ಕಾರ್ಖಾನೆಯ ಪರ್ಸನೆಲ್ (ಸಿಬ್ಬಂದಿ) ವಿಭಾಗದಲ್ಲೇ ಸರ್ವೀಸು ಮುಗಿಸಿದವನು. ಪ್ರಮೋಷನ್ ಪಟ್ಟಿ ಟೈಪಾಗಿ ನೋಟೀಸ್ ಬೋರ್ಡಿಗೆ ಬರುತ್ತಿತ್ತು. ಊಟದ ಬಿಡುವಿನಲ್ಲಿ ಜನ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಿದ್ದರು. ತಮ್ಮ ಹೆಸರಿಲ್ಲ ಅಂತ ಗೊತ್ತಾದ ಮೇಲೂ ಅಲ್ಲೇ ನಿಲ್ಲುತ್ತಿದ್ದರು, ಮತ್ತೆ ಯಾರದಿದೆ ಅಂತ ನೋಡೋದಕ್ಕೆ. ಕೆಲಸ ಬಲ್ಲವನ ಹೆಸರಿದ್ದರೆ "ಸರಿಯಾಗಿದೆ ಬಿಡಪ್ಪ" ಅಂತ ಕ್ಯಾಂಟೀನಿಗೆ ಹೋಗುತ್ತಿದ್ದರು. ಸಾಹೇಬರ ಹಿಂದೆ ಮುಂದೆ ಸುತ್ತಿದವನದಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಮೇಲಿನವರು ಗಣರಾಜ್ಯೋತ್ಸವಕ್ಕೆ ಎಷ್ಟೇ ಚೆನ್ನಾಗಿ ಭಾಷಣ ಮಾಡಲಿ, ಯಾರ ಕಿವಿಗೂ ಇಳಿಯುತ್ತಿರಲಿಲ್ಲ.

ನೀನೂ ಹಾಗೇ ನೋಡು. ಎರಡು ಮೂರು ವರ್ಷದಿಂದ ನಿಮ್ಮಲ್ಲಿ ಮೇಲೇರಿದವರು ಯಾರು? ಜೂನಿಯರ್‌ಗಳಿಗೆ ಕಲಿಸಿದವರಾ, ಕಾಲ್‌ಗಳಲ್ಲಿ ಜಾಸ್ತಿ ಮಾತಾಡಿದವರಾ? ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಕ್ಕಳು ಅವರಲ್ಲಿ ಇದ್ದಾರಾ? ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಅಂತ 2017ರಲ್ಲೇ ಕಾನೂನಾಗಿದೆ. ಆ ವರ್ಷ ಅವರಿಗೆ ಯಾವ ರೇಟಿಂಗ್ ಬಂತು ಅಂತ ವಿಚಾರಿಸು. ಕಂಪನಿಯವರ ಮನಸ್ಸು ಅಲ್ಲಿ ಕಾಣುತ್ತದೆ.

ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಮಾಡಿದರೂ ಒಬ್ಬರನ್ನು ಕೆಳಗೆ ಹಾಕಲೇಬೇಕು ಅಂದೆಯಂತೆ. ಇಂತಿಷ್ಟು ಜನ ಮೇಲೆ, ಇಂತಿಷ್ಟು ಜನ ಕೆಳಗೆ ಅಂತ ಮೊದಲೇ ಲೆಕ್ಕ ಹಾಕಿ ರೇಟಿಂಗ್ ಕೊಡುವ ಆ ಬೆಲ್ ಕರ್ವ್ ಪದ್ಧತಿ ಇವತ್ತಿನದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಮೇಲಿನ 20, ನಡುವಿನ 70, ಕೆಳಗಿನ 10 ಅಂತ ನೂರು ಜನರನ್ನು ವಿಂಗಡಿಸುತ್ತಿದ್ದರು. ಕೆಳಗಿನವರು ಮನೆಗೆ. ಮೈಕ್ರೋಸಾಫ್ಟ್‌ನಲ್ಲೂ ಇಂಥದ್ದೇ ಇತ್ತು. ಅಲ್ಲಿ ಒಳ್ಳೆ ಎಂಜಿನಿಯರುಗಳು ಇನ್ನೊಬ್ಬ ಒಳ್ಳೆ ಎಂಜಿನಿಯರಿನ ಟೀಮಿಗೆ ಹೋಗಲು ಹಿಂಜರಿಯುತ್ತಿದ್ದರಂತೆ, ತಮ್ಮ ರೇಟಿಂಗ್ ಇಳಿಯುತ್ತೆ ಅಂತ. ಎಂಥ ನಷ್ಟ ನೋಡು! 2013ರ ನವೆಂಬರಿನಲ್ಲಿ ಅವರು ಅದನ್ನು ಕೈಬಿಟ್ಟರು. ನಿಮ್ಮಲ್ಲಿ ಅದು ಇನ್ನೂ ಇದ್ದರೆ ತಪ್ಪು ಪದ್ಧತಿಯದು. ಅದಕ್ಕಾಗಿ ಮ್ಯಾನೇಜರ್ ಮೇಲೆ ಹರಿಹಾಯಬೇಡ, ಅದು ಅವರ ಕೈಯಲ್ಲಿಲ್ಲ.

ಅವರ ಕೈಯಲ್ಲಿರೋದು ಬೇರೆ. ಗೂಗಲ್‌ನವರು 2002ರಲ್ಲಿ ಮ್ಯಾನೇಜರ್‌ಗಳೇ ಬೇಡ ಅಂತ ತೆಗೆದುನೋಡಿದ್ದರು. ಕೆಲವೇ ತಿಂಗಳಲ್ಲಿ ಖರ್ಚಿನ ಬಿಲ್ಲು, ಜಗಳ ಎಲ್ಲ ನೇರವಾಗಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಹತ್ತಿರ ಬರತೊಡಗಿತು. ಮುಂದೆ ಅವರೇ ಒಳ್ಳೆ ಮ್ಯಾನೇಜರ್‌ನ ಎಂಟು ಗುಣ ಪಟ್ಟಿ ಮಾಡಿದಾಗ, ಕೈಹಿಡಿದು ಕಲಿಸೋದು ಮೊದಲನೆಯದಾಯಿತು, ತಾಂತ್ರಿಕ ಜ್ಞಾನ ಎಂಟನೆಯದು. ನಿನ್ನ ಮ್ಯಾನೇಜರ್ ನಿನಗೆ ಕಲಿಸುತ್ತಾರಾ? ನೀನಿಲ್ಲದ ಮೀಟಿಂಗಿನಲ್ಲಿ ನಿನ್ನ ಹೆಸರು ಎತ್ತುತ್ತಾರಾ?

ಈ ವಾರವೇ ಅವರ ಜೊತೆ ಕೂತು ಕೇಳು: "ಮೇಲಿನ ಗ್ರೇಡಿನವರು ಮಾಡುವ ಯಾವ ಕೆಲಸ ನಾನು ಇನ್ನೂ ಮಾಡಿ ತೋರಿಸಿಲ್ಲ?" ಅವರು "ನೋಡೋಣ, ಬಜೆಟ್ ಇಲ್ಲ" ಅಂದರೆ, ಯಾವ ತಿಂಗಳು ಮತ್ತೆ ಕೂರೋಣ ಅಂತ ಕೇಳು. ಆಡಿದ ಮಾತನ್ನು ಸಂಜೆಯೊಳಗೆ ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸು. ಮೆತ್ತಗೇ ಬರಿ, ಆದರೆ ಬರಿ.

ಇನ್ನೊಂದು. ಕಂಪನಿಯ ಸರ್ವೆ ಬಂದಾಗ ಯಾಕೆ ಸುಮ್ನೆ ತಲೆನೋವು ಅಂತ ಎಲ್ಲದಕ್ಕೂ ಐದಕ್ಕೆ ನಾಲ್ಕು ಒತ್ತಿದೆಯಂತೆ. ಹಾಗೆ ಮಾಡಬೇಡ ಮಗಳೇ. ಎಲ್ಲರೂ ನಾಲ್ಕು ಒತ್ತಿದರೆ ಮೇಲಿನವರು ಎಲ್ಲ ಸರಿಯಾಗಿದೆ ಅಂದುಕೊಳ್ಳುತ್ತಾರೆ, ಅಲ್ವಾ?

ಇಷ್ಟೆಲ್ಲ ಮಾಡಿದ ಮೇಲೂ ಉತ್ತರ ಸಿಗದಿದ್ದರೆ ಧಾರಾಳವಾಗಿ ಹೊರಡು. ಹೊಸ ಕಡೆ ಸಂಬಳ ಎಷ್ಟು ಜಾಸ್ತಿ ಅಂತಷ್ಟೇ ಕೇಳಿ ಸುಮ್ಮನಾಗಬೇಡ. ನಿನ್ನ ಮ್ಯಾನೇಜರ್ ಆಗುವವರ ಕೈಕೆಳಗೆ ಬೆಳೆದು ಮೇಲೆ ಹೋದವರು ಯಾರಾದರೂ ಇದ್ದರೆ ಮಾತಾಡಿಸಿ ಅನ್ನು. ಆಫರ್ ಲೆಟರ್ ಕೈಗೆ ಬರೋವರೆಗೂ ಪೇಪರ್ ಹಾಕಬೇಡ. ಮನೆ ಸಾಲದ ಕಂತು ನಿನ್ನ ಹೆಸರಲ್ಲೇ ಇದೆ.

ಇಂತಿ,
ನಿನ್ನ ದೊಡ್ಡಪ್ಪ