ಲೋನಾವಳಕ್ಕೆ ಬನ್ನಿ, ಕಾರ್ ಮಾತ್ರ ಮನೇಲೇ ಬಿಟ್ಟು ಬನ್ನಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲದ ಟ್ರಿಪ್ ಅಂತ ನಿಮ್ಮ ಪೇಪರಲ್ಲಿ ನಮ್ಮ ಲೋನಾವಳದ, ಅಂದ್ರೆ ಮುಂಬೈ-ಪುಣೆ ನಡುವಿನ ಈ ಘಾಟಿ ಊರಿನ ಬಗ್ಗೆ ಬಂದಿದ್ದನ್ನ ಓದಿದೆ. ಫೋಟೊ ಚೆನ್ನಾಗಿತ್ತು, ಆದ್ರೆ ಬರೆದವರು ಭಾನುವಾರ ಇಲ್ಲಿಗೆ ಬಂದವರ ಹಾಗೆ ಕಾಣ್ಲಿಲ್ಲ. ನಾವು ಉಡುಪಿ ಕಡೆಯವರು, ಇಲ್ಲೊಂದು ಸಣ್ಣ ಹೋಟೆಲ್ ಇಟ್ಕೊಂಡಿದ್ದೀವಿ, ಟೂರಿಸ್ಟ್ ಬಂದ್ರೇನೆ ನಮ್ಮ ಗಲ್ಲಾ ತುಂಬೋದು, ಯಾರೂ ಬರ್ಬೇಡಿ ಅನ್ನೋಕೆ ನನಗೆ ಬಾಯಿಲ್ಲ. ತಕರಾರು ಇರೋದು ಕಾರಿನ ಬಗ್ಗೆ.

ಜೂನ್ ಕೊನೆಗೆ ಮಳೆ ಹಿಡೀತು ಅಂದ್ರೆ ಶನಿವಾರ ಬೆಳಿಗ್ಗೆಯಿಂದಾನೇ ಎಕ್ಸ್‌ಪ್ರೆಸ್‌ವೇ ಇಳಿದ ಗಾಡಿಗಳೆಲ್ಲಾ ಸೀದಾ ಭುಶಿ ಡ್ಯಾಮ್ ಕಡೆಗೆ, ಮುಂದೆ ಕಣಿವೆ ನೋಡೋ ಲಯನ್ಸ್ ಪಾಯಿಂಟಿಗೂ ಅದೇ ರಸ್ತೆ, ಮಂಜಲ್ಲಿ ಮುಂದಿನ ಗಾಡಿ ಕಾಣಲ್ಲ, ಹಿಂದಿನವನು ಹಾರ್ನ್ ಬಿಡಲ್ಲ. ಹೋದ ಸಲ ನಮ್ಮ ಹಾಲಿನ ಟೆಂಪೋ ಸಿಕ್ಕಾಕೊಂಡು ಹುಡುಗ ಕ್ಯಾನ್ ಇಳಿಸಿ ಹೆಗಲ ಮೇಲೆ ಹೊತ್ಕೊಂಡು ಬಂದ, ಬರೋವಾಗ ಆಂಬುಲೆನ್ಸ್ ಸೈರನ್ ಹಾಕ್ಕೊಂಡು ನಿಂತಲ್ಲೇ ನಿಂತಿತ್ತು ಅಂದ. ಒಳಗೆ ಯಾರಿದ್ರೋ ಏನೋ.

2024ರ ಜೂನ್ 30, ಅದೂ ಭಾನುವಾರವೇ, ಭುಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿ ಹೋದ್ರು, ಅದ್ರಲ್ಲಿ ನಾಲ್ಕು ಮಕ್ಕಳು. ನಿಂತ ಜಾಗದಲ್ಲಿ ನೀರು ಮೊಣಕಾಲಿಗೇ ಇರ್ಬಹುದು, ಆದ್ರೆ ಮೇಲೆ ಗುಡ್ಡದಲ್ಲಿ ಮಳೆ ಜೋರಾದ್ರೆ ನಿಮಿಷದಲ್ಲಿ ಏರುತ್ತೆ, ಓಡೋಕೆ ಟೈಮ್ ಸಿಗಲ್ಲ. ಆ ವಿಡಿಯೋ ಎಲ್ಲರ ಮೊಬೈಲಲ್ಲೂ ಬಂದಿತ್ತು, ಆದ್ರೂ ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯೋದು ನಿಂತಿಲ್ಲ.

ಇನ್ನು ವಲ್ವಣ ಕೆರೆಗೆ ಇಳಿಯೋಕೆ ಯಾಕೆ ಬಿಡಲ್ಲ ಅಂತ ಗಿರಾಕಿಗಳು ನಮ್ಮ ಹತ್ರ ಜಗಳಕ್ಕೆ ಬರ್ತಾರೆ, ಕೆರೆ ನಮ್ಮಪ್ಪಂದೇನೋ ಅನ್ನೋ ಹಾಗೆ! ಅದು ಟಾಟಾದವರು ಕರೆಂಟಿಗೆ ಅಂತ ಕಟ್ಟಿಸಿದ್ದು ಸ್ವಾಮಿ, ಈಜೋ ಕೆರೆ ಅಲ್ಲ. ಇಲ್ಲಿನ ಕೆರೆಗಳ ನೀರು ಪೈಪಲ್ಲಿ ಘಾಟಿ ಇಳಿದು ಖೋಪೋಲಿಯಲ್ಲಿ ಕರೆಂಟ್ ಆಗುತ್ತೆ, 1915ರಿಂದ, ಆಗ ಮುಂಬೈ ಬಟ್ಟೆ ಗಿರಣಿಗಳು ಓಡಿದ್ದು ಅದೇ ಕರೆಂಟಲ್ಲಿ.

ಪುಣೆಯವರಿಗೆ ಲೋಕಲ್ ಟ್ರೈನ್ ಇದೆ, ಮುಂಬೈಯವರಿಗೆ ಬೆಳಿಗ್ಗೆ ಇಂದ್ರಾಯಣಿ, ಡೆಕ್ಕನ್ ಎಕ್ಸ್‌ಪ್ರೆಸ್ ಇದೆ. ಘಾಟಿ ಹತ್ತೋವಾಗ ಸುರಂಗಗಳ ನಡುವೆ ಕಾಣೋ ಹಸಿರು ಕಾರಲ್ಲಿ ಕೂತವರಿಗೆ ಸಿಗಲ್ಲ. ಸ್ಟೇಷನ್ ಹೊರಗೆ ಆಟೋ ಸಿಗುತ್ತೆ, ರೇಟು ಮೊದಲೇ ಮಾತಾಡ್ಕೊಳ್ಳಿ. ಸಾಧ್ಯ ಆದ್ರೆ ಬುಧವಾರ ಗುರುವಾರ ಬನ್ನಿ, ನಮಗೂ ಬಿಸಿ ಬಿಸಿ ದೋಸೆ ಹಾಕಿ ಕೊಡೋಕೆ ಪುರಸೊತ್ತು ಇರುತ್ತೆ.

ಸಂಬಂಧಪಟ್ಟವರೂ ಮಳೆಗಾಲದ ಶನಿವಾರ ಭಾನುವಾರ ಹೊರಗಿನ ಕಾರುಗಳನ್ನ ಊರ ಹೊರಗೇ ನಿಲ್ಲಿಸಿ ಅಲ್ಲಿಂದ ಬಸ್ ಬಿಡ್ಲಿ, ಟಿಕೆಟ್ ಇಡ್ಲಿ, ಯಾರೂ ಬೇಡ ಅನ್ನಲ್ಲ. ಕಾರ್ ತಂದೇ ತರ್ತೀವಿ ಅನ್ನೋರು ದಯವಿಟ್ಟು ಇನ್ನೊಬ್ಬರ ಗೇಟಿಗೆ ಅಡ್ಡ ಹಾಕಿ ಹೋಗ್ಬೇಡಿ, ಹಾಕಿದ್ರೂ ಗ್ಲಾಸಿನ ಮೇಲೆ ಫೋನ್ ನಂಬರ್ ಬರೆದಿಡಿ.

ಇಂತಿ,
ಒಬ್ಬ ಹೋಟೆಲಿನವ, ಲೋನಾವಳ