ಮಲಾವಿಯ ತೊಗರಿ ಸೀಮೆಯಿಂದ

ಜೊಂಬಾ, ಮಲಾವಿ (ಆಫ್ರಿಕಾ)
ಫೆಬ್ರವರಿ 2025

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ಶಿರಸಾಷ್ಟಾಂಗ ನಮಸ್ಕಾರಗಳು. ಅವ್ವನಿಗೂ, ಅಣ್ಣ ಮತ್ತು ವೈನಿಗೂ ನಮಸ್ಕಾರ. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಮೊಣಕಾಲು ನೋವು ಹೇಗಿದೆ ಎಂದು ತಪ್ಪದೆ ತಿಳಿಸಿರಿ.

ತೊಗರಿ ರಾಶಿ ಮುಗಿಯಿತೆಂದು ಅಣ್ಣ ಫೋನಿನಲ್ಲಿ ಹೇಳಿದ. 2024-25ರ ಬೆಂಬಲ ಬೆಲೆ 7550ರ ಮೇಲೆ ರಾಜ್ಯ ಸರ್ಕಾರ 450 ಸೇರಿಸಿ ಕ್ವಿಂಟಲಿಗೆ 8000 ಕೊಡುತ್ತಿದೆ ಎಂಬ ಸುದ್ದಿ ಕೇಳಿ ಸಂತೋಷವಾಯಿತು. ಅಂದೇ ನೀವು ಫೋನ್ ತೆಗೆದುಕೊಂಡು ಕೇಳಿದಿರಿ: "ಅಲ್ಲಿ ಹೊಲ ಇದೆ, ಮಳೆ ಇದೆ, ಮೈಬಗ್ಗಿಸಿ ದುಡಿಯುವ ಜನ ಇದ್ದಾರೆ ಎನ್ನುತ್ತೀಯ. ಹೊಲ ಇದ್ದವರ ಮಕ್ಕಳು ಏಕೆ ಸೊರಗಬೇಕು?" ನಾನು ಏನೋ ಹೇಳಲು ಹೊರಟಾಗ ಲೈನ್ ಕಡಿಯಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅದಾಗಿರಲಿಲ್ಲ. ಹಾಗಾಗಿ ಕುಳಿತು ಬರೆಯುತ್ತಿದ್ದೇನೆ.

ಇಲ್ಲಿ ಮಳೆಗಾಲ ವರ್ಷಕ್ಕೆ ಒಂದೇ. ನವೆಂಬರಿನಲ್ಲಿ ಹಿಡಿದು ಏಪ್ರಿಲಿಗೆ ಬಿಡುತ್ತದೆ. ನಮ್ಮಂತೆ ಮುಂಗಾರು ಕೈಕೊಟ್ಟರೆ ಹಿಂಗಾರಿಯಲ್ಲಿ ನೋಡಿಕೊಳ್ಳೋಣ ಎನ್ನುವ ಹಾಗಿಲ್ಲ. ದಕ್ಷಿಣದ ಈ ಭಾಗದಲ್ಲಿ ಜನ ದಟ್ಟವಾಗಿದ್ದಾರೆ, ಬಹಳಷ್ಟು ಮನೆಗಳಿಗೆ ಎರಡು ಎಕರೆ ಭೂಮಿಯೂ ಇಲ್ಲ. ಎತ್ತುಗಳಿಲ್ಲ. ಬೋದು ಏರಿಸುವುದರಿಂದ ಕಳೆ ತೆಗೆಯುವವರೆಗೆ ಎಲ್ಲವೂ ಗುದ್ದಲಿಯಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ಮನೆಗೆ ಬಂದ ಮೆಕ್ಕೆಜೋಳ ಒಳ್ಳೆಯ ವರ್ಷದಲ್ಲಿ ಡಿಸೆಂಬರಿನವರೆಗೆ ಎಳೆಯುತ್ತದೆ. ಹೊಸ ತೆನೆ ಬಲಿಯುವುದು ಮಾರ್ಚಿಗೆ. ನಡುವಿನ ತಿಂಗಳುಗಳೇ ಹಸಿವಿನ ತಿಂಗಳುಗಳು. ಹೊಲದ ಕೆಲಸ ಅತ್ಯಂತ ಹೆಚ್ಚಾಗಿರುವುದೂ ಆಗಲೇ.

ಮಕ್ಕಳ ಆಹಾರದ ಬಗ್ಗೆ ಹಳ್ಳಿಗಳಲ್ಲಿ ನಾವು ನಡೆಸುವ ಸಭೆಗಳಿಗೆ ಬರುವ ಒಬ್ಬ ತಾಯಿಯ ಮನೆ ಪಕ್ಕದ ಫಲೊಂಬೆ ಜಿಲ್ಲೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಕಳೆದ ತಿಂಗಳು ಅವಳ ಹೊಲದಲ್ಲಿ ಕಳೆ ಮೊಣಕಾಲೆತ್ತರ ನಿಂತಿತ್ತು. ಅವಳು ಮಾತ್ರ ಬೆಳಗಿನ ಜಾವವೇ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಇನ್ನೊಬ್ಬರ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಈ ದಿನಗೂಲಿಗೆ ಇಲ್ಲಿ ಗನ್ಯು ಎನ್ನುತ್ತಾರೆ. ಸಂಜೆಗೆ ಸಿಗುವುದು ಸಣ್ಣ ಬೋಗುಣಿ ತುಂಬ ಹಿಟ್ಟು. ಅದರಲ್ಲಿ ಅಂದಿನ ರಾತ್ರಿ ಕಳೆಯುತ್ತದೆ, ಮರುದಿನ ಮತ್ತೆ ಅದೇ. ಅವಳ ಮೆಕ್ಕೆಜೋಳ ಕಳೆಯ ನಡುವೆ ಹಳದಿಗಟ್ಟುತ್ತದೆ, ಏಪ್ರಿಲಿನಲ್ಲಿ ಚೀಲ ಕಡಿಮೆ ಬರುತ್ತದೆ, ಮುಂದಿನ ವರ್ಷ ಹಸಿವು ಡಿಸೆಂಬರಿಗೆ ಬದಲು ಅಕ್ಟೋಬರಿನಲ್ಲೇ ಬಾಗಿಲಿಗೆ ಬರುತ್ತದೆ. ಅಪ್ಪಾ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಹೊಲ ಇದ್ದರೂ ಅದರಲ್ಲಿ ದುಡಿಯಬೇಕಾದ ದಿನಗಳನ್ನೇ ಅವಳು ಹಿಟ್ಟಿಗಾಗಿ ಮಾರಿಕೊಳ್ಳಬೇಕಾಗಿದೆ.

ಈ ವರ್ಷವಂತೂ ಬಹಳ ಕಷ್ಟ. ಹೋದ ವರ್ಷ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋದಿಂದ ಮಳೆ ನಡುವಿನಲ್ಲೇ ನಿಂತುಹೋಯಿತು. 2024ರ ಮಾರ್ಚಿನಲ್ಲಿ ಸರ್ಕಾರ 28 ಜಿಲ್ಲೆಗಳಲ್ಲಿ 23ನ್ನು ವಿಪತ್ತುಪೀಡಿತ ಎಂದು ಘೋಷಿಸಿತು. ಈ ಹಸಿವಿನ ತಿಂಗಳುಗಳಲ್ಲಿ 57 ಲಕ್ಷ ಜನರಿಗೆ ನೆರವು ಬೇಕಾಗುತ್ತದೆಂದು ಅಂದಾಜು ಮಾಡಿದ್ದರು. ಅದಕ್ಕೂ ಒಂದು ವರ್ಷ ಮೊದಲು ಫ್ರೆಡ್ಡಿ ಚಂಡಮಾರುತ ಇದೇ ದಕ್ಷಿಣ ಭಾಗದ ಹೊಲಗಳ ಮೇಲೆ ಗುಡ್ಡದ ಕಲ್ಲುಮಣ್ಣು ತಂದು ಸುರಿದಿತ್ತು. 2023ರ ನವೆಂಬರಿನಲ್ಲಿ ಇಲ್ಲಿಯ ನಾಣ್ಯವಾದ ಕ್ವಾಚಾದ ಬೆಲೆಯನ್ನು ಒಂದೇ ಏಟಿಗೆ ಶೇಕಡಾ 44ರಷ್ಟು ಇಳಿಸಿದರು. ಹೊರಗಿನಿಂದ ಬರುವ ಗೊಬ್ಬರ ಬಡವರ ಕೈಗೆ ಎಟುಕದಂತಾಯಿತು. ಸಹಾಯಧನದ ಗೊಬ್ಬರದ ಯೋಜನೆ ಇದೆ, ಎಲ್ಲರ ಹೆಸರೂ ಪಟ್ಟಿಯಲ್ಲಿ ಬರುವುದಿಲ್ಲ.

ಇನ್ನರ್ಧ ಉತ್ತರ ಊಟದ ತಟ್ಟೆಯಲ್ಲಿದೆ. ಇಲ್ಲಿಯ ಊಟ ಎಂದರೆ ನ್ಸಿಮಾ. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಕೋಲಿನಿಂದ ಗಟ್ಟಿಯಾಗಿ ತಿರುವುತ್ತಾರೆ. ಮುದ್ದೆಯಂತೆಯೇ ಎನ್ನಿ. ಜೊತೆಗೆ ಸೊಪ್ಪು, ಕಾಳು ಅಥವಾ ಮೀನು ಸ್ವಲ್ಪ ಇದ್ದರೆ ಅದು ದೊಡ್ಡ ಊಟ. ಹಸಿವಿನ ತಿಂಗಳಲ್ಲಿ ಕುಂಬಳದ ಎಲೆಯನ್ನು ಉಪ್ಪು ಹಾಕಿ ಬೇಯಿಸಿದರೆ ಮುಗಿಯಿತು. ಹಿಟ್ಟು ಬೆಳ್ಳಗೆ ನುಣ್ಣಗೆ ಇರಬೇಕೆಂದು ಮೊದಲು ಮೆಕ್ಕೆಜೋಳದ ತೌಡು ತೆಗೆಸುತ್ತಾರೆ, ಆಮೇಲೆ ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಒಣಗಿಸಿ, ಗಿರಣಿಗೆ ಹಾಕಿಸುತ್ತಾರೆ. ಕಾಳಿನಲ್ಲಿದ್ದ ಸತ್ವದ ಬಹುಪಾಲು ತೌಡಿನ ಜೊತೆಗೆ ಹೊರಟುಹೋಗುತ್ತದೆ. ತೌಡು ತೆಗೆಯದ ಹಿಟ್ಟು ಬಡವರ ಹಿಟ್ಟು ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ನೆಂಟರ ಮುಂದೆ ಅದನ್ನು ಬಡಿಸಲು ಹೆಂಗಸರು ನಾಚುತ್ತಾರೆ.

ಬಿಳಿಜೋಳ ಏಕೆ ಬೆಳೆಯುವುದಿಲ್ಲ ಎಂದು ನೀವು ಹಿಂದೊಮ್ಮೆ ಕೇಳಿದ್ದಿರಿ. ನಮ್ಮ ಬಿಳಿಜೋಳ ಹುಟ್ಟಿದ್ದೇ ಆಫ್ರಿಕಾದಲ್ಲಿ. ಮೆಕ್ಕೆಜೋಳ ಕಡಲಾಚೆಯಿಂದ ಬಂದದ್ದು, ಕಳೆದ ನೂರು ವರ್ಷಗಳಲ್ಲಿ ಬ್ರಿಟಿಷರೂ ಆಮೇಲಿನ ಸರ್ಕಾರಗಳೂ ಅದನ್ನೇ ಬೆಂಬಲಿಸಿದರು. ಕೆಳಗೆ ಬಿಸಿಲು ಹೆಚ್ಚಿರುವ ಶಿರೆ ನದಿಯ ಕಣಿವೆಯಲ್ಲಿ ಬಿಳಿಜೋಳ, ಸಜ್ಜೆ ಇನ್ನೂ ಇವೆ. ಇಲ್ಲಿ ಮಾತ್ರ ಬಿಳಿಜೋಳದ ತೆನೆಗೆ ಬೀಳುವ ಹಕ್ಕಿ ಕಾಯುವವರಿಲ್ಲ, ಮಕ್ಕಳು ಶಾಲೆಗೆ ಹೋಗುತ್ತಾರೆ.

ಈ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದವರು 2010ರ ಸಮೀಕ್ಷೆಯಲ್ಲಿ ಶೇಕಡಾ 47 ಇದ್ದರು, 2015-16ರಲ್ಲಿ 37ಕ್ಕೆ ಇಳಿದರು. ಇಷ್ಟು ಬಡ ದೇಶ ಇಷ್ಟನ್ನು ಸಾಧಿಸಿದ್ದು ಸಣ್ಣ ಮಾತಲ್ಲ. ನಮ್ಮ ಕರ್ನಾಟಕದಲ್ಲೇ 2019-21ರ ಸಮೀಕ್ಷೆಯಂತೆ ಅಂಥ ಮಕ್ಕಳು ಶೇಕಡಾ 35 ಇದ್ದರು. ಊರಲ್ಲಿ ಯಾರಾದರೂ "ಆಫ್ರಿಕಾ ಎಂದರೆ ಹಾಗೆಯೇ" ಎಂದರೆ ಈ ಅಂಕಿಯನ್ನು ದಯವಿಟ್ಟು ಹೇಳಿರಿ. ನಮ್ಮ ಅಂಗನವಾಡಿ ಟೀಚರಮ್ಮನಿಗೆ ಇದು ಹೊಸದೇನೂ ಅಲ್ಲ.

ಈಗ ತೊಗರಿಯ ವಿಷಯ. ಇದನ್ನು ನಿಮಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಈ ಸೀಮೆಯಲ್ಲಿ ಮೆಕ್ಕೆಜೋಳದ ಸಾಲಿನಲ್ಲೇ ತೊಗರಿ ಹಾಕುತ್ತಾರೆ. ನಂಡೋಲೊ ಎನ್ನುತ್ತಾರೆ. ನಮ್ಮದಕ್ಕಿಂತ ಕಾಳು ದಪ್ಪ, ಗಿಡ ಎತ್ತರ. ಮೆಕ್ಕೆಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಬೆಳೆದು ಜುಲೈಯಿಂದ ಸೆಪ್ಟೆಂಬರಿನ ತನಕ ಕೊಯ್ಲಿಗೆ ಬರುತ್ತದೆ. ಹಸಿ ಕಾಯಿ ಬೇಯಿಸಿ ಮಕ್ಕಳ ಕೈಗೆ ಕೊಡುತ್ತಾರೆ, ಒಣ ಕಾಳನ್ನು ಇಡಿಯಾಗಿ ಬೇಯಿಸುತ್ತಾರೆ. ಉಳಿದದ್ದೆಲ್ಲ ವ್ಯಾಪಾರಿಯ ತಕ್ಕಡಿಗೆ ಹೋಗುತ್ತದೆ. ಅಲ್ಲಿಂದ ಬಹುಪಾಲು ನಮ್ಮ ದೇಶಕ್ಕೆ.

2017ರ ಆರಂಭ ನಿಮಗೆ ನೆನಪಿದೆ. ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಬಂದು ಬಿದ್ದಿತ್ತು, ಬೆಂಬಲ ಬೆಲೆ 5050 ಇದ್ದರೂ ಪೇಟೆಯಲ್ಲಿ ಅಷ್ಟಕ್ಕೆ ಕೊಳ್ಳುವವರಿರಲಿಲ್ಲ. ಅಣ್ಣ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಹೋಗಿ ಖರೀದಿ ಕೇಂದ್ರದ ಮುಂದೆ ರಾತ್ರಿಗಳನ್ನು ಕಳೆದ. ಆ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಗಿನ ತೊಗರಿಗೆ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿ ಹಾಕಿತು. ನೀವು ಪೇಪರಿನಲ್ಲಿ ಓದಿ, "ಇಷ್ಟಾದರೂ ಮಾಡಿದರಲ್ಲ" ಎಂದಿರಿ. ನಿಮ್ಮ ಕಡೆಯಿಂದ ನೋಡಿದರೆ ಅದು ನ್ಯಾಯವೇ.

ಆಗಸ್ಟ್ ಎಂದರೆ ಇಲ್ಲಿ ತೊಗರಿ ಬಡಿಯುವ ತಿಂಗಳು. ಕಾಳು ಚೀಲಕ್ಕೆ ತುಂಬುವ ಹೊತ್ತಿಗೆ ಕೊಳ್ಳುವವರು ಕೈಕಟ್ಟಿ ನಿಂತರು. ಬೆಲೆ ಎಷ್ಟು ಬಿತ್ತೆಂದರೆ ಆ ವರ್ಷದ ಮಾತು ತೆಗೆದರೆ ಇಂದಿಗೂ ಇಲ್ಲಿಯ ಹೆಂಗಸರು ತಲೆ ಅಲ್ಲಾಡಿಸುತ್ತಾರೆ. ಮಕ್ಕಳ ಶಾಲೆಯ ಫೀಜಿಗೆ, ಗೊಬ್ಬರಕ್ಕೆ ಎಂದು ನೆಚ್ಚಿಕೊಂಡಿದ್ದ ಬೆಳೆ ಅದು. ದಿಲ್ಲಿಯಲ್ಲಿ ಒಂದು ಆದೇಶ ಹೊರಟಿತೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. 2021ರಲ್ಲಿ ವರ್ಷಕ್ಕೆ 50,000 ಟನ್ನಿನಂತೆ ಐದು ವರ್ಷ ಮಲಾವಿಯಿಂದ ತರಿಸಿಕೊಳ್ಳಲು ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಒಳ್ಳೆಯದೇ. ಆದರೂ ಬೆಲೆಯ ಹಗ್ಗ ಅವರ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲೂ ಇಲ್ಲ.

ಆದ್ದರಿಂದ ನಾನು ಸಭೆಯಲ್ಲಿ ಹೇಳುವ ಮೊದಲ ಮಾತು: ಮಾರುವ ಮುಂಚೆ ಮನೆಯ ಪಾಲು ತೆಗೆದಿಡಿ. ತಕ್ಕಡಿಯ ಮುಂದೆ ಚೀಲ ಇಟ್ಟ ಮೇಲೆ ಲೆಕ್ಕ ಹಾಕಬೇಡಿ. ಇದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಗೊತ್ತು. ಸಾಲ ಇದ್ದವರು ಕಾಳು ಇಟ್ಟುಕೊಂಡು ಕೂಡಲಾರರು.

ಭೂಮಿಯ ವಿಷಯದಲ್ಲಿ ಇಲ್ಲಿಯ ರೂಢಿ ನಮಗಿಂತ ಬೇರೆ. ಲೊಮ್ವೆ, ಯಾವೊ ಜನರಲ್ಲಿ ಹೊಲ ತಾಯಿಯಿಂದ ಮಗಳಿಗೆ ಬರುತ್ತದೆ, ಮದುವೆಯಾದ ಗಂಡು ಹೆಂಡತಿಯ ಊರಿಗೆ ಬಂದು ನೆಲೆಸುತ್ತಾನೆ. ಅವ್ವಾ, ಇದನ್ನು ಕೇಳಿದರೆ ನೀನು ಸಂತೋಷಪಡುತ್ತೀ ಎಂದು ಬಲ್ಲೆ. ಆದರೂ ವ್ಯಾಪಾರಿ ಬಂದಾಗ ಮುಂದೆ ನಿಂತು ಹಣ ಎಣಿಸಿಕೊಳ್ಳುವವನು ಹಲವು ಮನೆಗಳಲ್ಲಿ ಗಂಡನೇ. ಹಣ ತಾಯಿಯ ಕೈಗೆ ಬಂದ ಮನೆಯಲ್ಲಿ ಮೊಟ್ಟೆ, ಒಣಮೀನು, ಎಣ್ಣೆ ಬರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಹಾಗಾಗಿ ಗಂಡಸರನ್ನೂ ಸಭೆಗೆ ಕೂರಿಸುತ್ತೇವೆ. ಮಗುವಿನ ಗಂಜಿ ಕಲಸುವ ಕೆಲಸವನ್ನು ಅವರಿಂದಲೇ ಮಾಡಿಸುತ್ತೇವೆ. ಮೊದಲು ಹಿಂದೆ ಸರಿಯುತ್ತಾರೆ, ಆಮೇಲೆ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಮಾಡುತ್ತಾರೆ.

ಆ ಗಂಜಿಯ ಬಗ್ಗೆ ಹೇಳಲೇಬೇಕು. ಆರು ತಿಂಗಳು ತುಂಬಿದ ಮಗುವಿಗೆ ಬರಿಯ ಮೆಕ್ಕೆಜೋಳದ ಹಿಟ್ಟಿನ ತೆಳು ಗಂಜಿ ಕುಡಿಸುವುದು ರೂಢಿ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ನಾವು ತೌಡು ತೆಗೆಯದ ಹಿಟ್ಟು ತೆಗೆದುಕೊಂಡು, ಕುದಿಯುವಾಗ ಕುಟ್ಟಿದ ಶೇಂಗಾ ಪುಡಿ ಬೆರೆಸಿ, ಚಿಲ್ವಾ ಸರೋವರದ ಸಣ್ಣ ಒಣಮೀನನ್ನು ಪುಡಿ ಮಾಡಿ ಒಂದು ಚಮಚ ಹಾಕುತ್ತೇವೆ. ಕೊನೆಗೆ ನುಗ್ಗೆಸೊಪ್ಪು ಅಥವಾ ರಾಜಗಿರಿ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ಇಳಿಸುತ್ತೇವೆ. ಚಮಚ ಓರೆ ಮಾಡಿದರೆ ಗಂಜಿ ಜಾರದೆ ನಿಲ್ಲಬೇಕು, ಅದು ಗುರುತು. ಯಾವುದನ್ನೂ ದೂರದಿಂದ ತರುವುದಿಲ್ಲ. ಹತ್ತು ಹದಿನೈದು ಮನೆಗೆ ಒಬ್ಬಳಂತೆ ಊರಿನ ತಾಯಂದಿರೇ ಮುಂದಾಳುಗಳಾಗಿ ಮನೆಮನೆಗೆ ಹೋಗಿ ಕಲಿಸುತ್ತಾರೆ. ಈ ಪದ್ಧತಿ 1995ರ ಸುಮಾರಿಗೆ ಪಕ್ಕದ ಮೊಜಾಂಬಿಕ್‌ನಲ್ಲಿ ಶುರುವಾದದ್ದು. ನನ್ನ ಮಾತಿಗಿಂತ ನೆರೆಮನೆಯವಳ ಮಾತು ಬೇಗ ನಾಟುತ್ತದೆ, ಅದೇ ಇದರ ಬಲ.

ಹೊಲದಲ್ಲಿ ಮಾಡುತ್ತಿರುವುದು ನಿಮಗೆ ಹಿಡಿಸಬಹುದು. ಶೇಂಗಾ ಮತ್ತು ತೊಗರಿ ಎರಡನ್ನೂ ಒಟ್ಟಿಗೆ ಹಾಕಿಸುತ್ತೇವೆ. ತೊಗರಿ ಮೊದಲ ತಿಂಗಳುಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ, ಅಷ್ಟರಲ್ಲಿ ಶೇಂಗಾ ನೆಲ ಹಿಡಿದು ಕಾಯಿ ಕಟ್ಟುತ್ತದೆ. ಶೇಂಗಾ ಕಿತ್ತ ಮೇಲೆ ತೊಗರಿಗೆ ಪೂರ್ತಿ ಬಿಸಿಲು. ಉದುರಿದ ಎಲೆ ಮಣ್ಣಿಗೆ ಸೇರುತ್ತದೆ, ಮುಂದಿನ ವರ್ಷ ಅದೇ ಜಾಗದಲ್ಲಿ ಹಾಕಿದ ಮೆಕ್ಕೆಜೋಳಕ್ಕೆ ಚೀಲದ ಗೊಬ್ಬರ ಕಡಿಮೆ ಸಾಕು. ಒಂದೇ ತೊಂದರೆ ಎಂದರೆ ಮೇಕೆಗಳು. ಮೆಕ್ಕೆಜೋಳ ಕೊಯ್ದ ಕೂಡಲೇ ಊರೆಲ್ಲ ಮೇಕೆ ಬಿಟ್ಟುಬಿಡುತ್ತಾರೆ, ಹಸಿರಾಗಿ ನಿಂತದ್ದು ತೊಗರಿ ಒಂದೇ. ಊರ ಹಿರಿಯರು ಸೇರಿ ಸೆಪ್ಟೆಂಬರಿನ ತನಕ ಮೇಕೆ ಕಟ್ಟಬೇಕೆಂದು ತೀರ್ಮಾನಿಸಿದ ಹಳ್ಳಿಗಳಲ್ಲಿ ಮಾತ್ರ ಬೆಳೆ ಕೈಗೆ ಬರುತ್ತದೆ.

ಏಪ್ರಿಲಿನಲ್ಲಿ ಶೇಂಗಾ ಕೀಳುವಾಗ ಇನ್ನೊಂದು ಕೆಲಸ ಇದೆ. ಕೈಯಲ್ಲಿ ಸುಲಿಯಲು ಸುಲಭವಾಗಲಿ ಎಂದು ಇಲ್ಲಿ ಒಣಗಿದ ಕಾಯಿಗೆ ನೀರು ಚಿಮುಕಿಸುತ್ತಾರೆ. ಅದರಿಂದ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಯಕೃತ್ತಿಗೆ ಕೇಡು. ಮಾರುವಾಗ ಒಳ್ಳೆಯ ಕಾಳು ಪೇಟೆಗೆ, ಮುದುಡಿದ ಕಪ್ಪು ಕಾಳು ಮನೆಗೆ. ಎಂದರೆ ವಿಷದ ಪಾಲು ಮಕ್ಕಳ ಗಂಜಿಗೆ. ಇದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಕಿತ್ತ ಗಿಡಗಳನ್ನು ಕಾಯಿ ಒಳಮುಖವಾಗಿ ದುಂಡಗೆ ಬಣವೆ ಒಟ್ಟಿ, ನಡುವೆ ಗಾಳಿ ಆಡಲು ಟೊಳ್ಳು ಬಿಟ್ಟು ಒಣಗಿಸುವ ಪದ್ಧತಿಯನ್ನು ಈ ಸಲ ಪ್ರತಿ ಹಳ್ಳಿಯಲ್ಲೂ ಮಾಡಿ ತೋರಿಸಬೇಕು. ಸುಲಿಯಲು ಕೈಯಂತ್ರ ಬೇಕು, ಅದಕ್ಕೆ ಹಣ ಹುಡುಕುತ್ತಿದ್ದೇವೆ.

ಅವ್ವಾ, ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಇಲ್ಲಿಯವರು ತೊಗರಿಯನ್ನು ಬೇಗ ಮಾರಿಬಿಡಲು ಹುಳುವೂ ಒಂದು ಕಾರಣ. ಎರಡು ಮೂರು ತಿಂಗಳಲ್ಲಿ ಕಾಳೆಲ್ಲ ತೂತು. ಇಡೀ ಕಾಳು ಬೇಯಲು ಸೌದೆಯೂ ಬಹಳ ಬೇಕು, ಇಲ್ಲಿ ಗುಡ್ಡಗಳೆಲ್ಲ ಬೋಳಾಗಿವೆ. ಬೇಳೆ ಮಾಡಿಟ್ಟರೆ ಹುಳುವಿನ ಕಾಟವೂ ಕಡಿಮೆ, ಬೇಗ ಬೇಯುತ್ತದೆ. ಲಿಂಬೆ ಎಂಬ ಪೇಟೆಯಲ್ಲಿ ಬೇಳೆ ಗಿರಣಿಗಳಿವೆ, ಅವು ರಫ್ತಿಗೆ. ಹಳ್ಳಿಯ ಮನೆಯಲ್ಲಿ ಬೇಳೆ ಒಡೆಯುವ ರೂಢಿಯೇ ಇಲ್ಲ. ನಮ್ಮ ಅಜ್ಜಿ ತೊಗರಿಗೆ ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಹಾಕಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದ ಕ್ರಮವನ್ನು ವೈನಿಗೆ ಹೇಳಿ ಬರೆಸಿ ಕಳಿಸು. ಎಷ್ಟು ಹೊತ್ತು ನೆನೆಸಬೇಕು, ಒಂದು ಸೇರು ಕಾಳಿಗೆ ಕೆಮ್ಮಣ್ಣು ಎಷ್ಟು, ಎಷ್ಟು ಬಿಸಿಲು ಕಾಯಿಸಬೇಕು, ಎಣ್ಣೆ ಸವರುತ್ತಿದ್ದಳೋ ಇಲ್ಲವೋ, ಎಲ್ಲವನ್ನೂ ಸರಿಯಾಗಿ ತಿಳಿಸು. ಕೆಂಪು ಮಣ್ಣು ಇಲ್ಲಿ ಬೇಕಾದಷ್ಟಿದೆ. ಬೀಸುವ ಕಲ್ಲಿನ ಅಳತೆಯನ್ನೂ ಅಣ್ಣ ತೆಗೆದುಕೊಂಡು ಕಳಿಸಲಿ, ಇಲ್ಲಿಯ ಕಲ್ಲುಕುಟಿಗರಿಗೆ ತೋರಿಸುತ್ತೇನೆ. ಜುಲೈ ಕೊಯ್ಲಿಗೆ ಮುಂಚೆ ಪತ್ರ ತಲುಪಿದರೆ ಸಾಕು.

ಕಾಕಾ, ಕಾಕುವಿಗೂ ಓಣಿಯ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸಿರಿ. ಮಕ್ಕಳಿಗೆ ಮುದ್ದು.

ನಿಮ್ಮ ಪ್ರೀತಿಯ ಮಗಳು